ಡೇಕೇರ್‌ಗೆ ಬರುತ್ತಿದ್ದ ಮಗುವನ್ನು ಹೇಳದೆ ಕೇಳದೆ ಬಿಡಿಸಿದರೆ ಏನು ಮಾಡುವುದು?

ಮನೆಯಲ್ಲೇ ಡೇಕೇರ್ ಶುರು ಮಾಡಿ ಒಂದೂವರೆ ವರ್ಷ ಆಯ್ತು, ಒಂದೇ ತಿಂಗಳಲ್ಲಿ ಎರಡು ಮನೆಯವರು ಸುಮ್ನೆ ಮಗುವನ್ನು ಕಳಿಸುವುದು ನಿಲ್ಲಿಸಿದ್ದಾರೆ, ಫೋನ್ ಎತ್ತುತ್ತಿಲ್ಲ, ಒಬ್ಬರದು ಫೀಸೂ ಬಾಕಿ ಇದೆ, ಅವರ ಮನೆಗೇ ಹೋಗಿ ಕೇಳಲಾ ಅಂತ ಕೇಳಿದ್ದೀರಿ. ಹೋಗಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಬೆಂಗಳೂರಿನ ಜೆ.ಪಿ. ನಗರದಲ್ಲಿ ನಮ್ಮ ಮನೆಯ ಕೆಳಗಡೆ ಒಂಬತ್ತು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಏಳು ಮಕ್ಕಳಿಗಿಂತ ಜಾಸ್ತಿ ತಗೊಳ್ಳಲ್ಲ. ಏಳರಲ್ಲಿ ಒಂದು ಹೋದರೆ ಏನಾಗುತ್ತೆ ಅಂತ ನನಗೂ ಗೊತ್ತು. ಸಹಾಯಕ್ಕೆ ಬರುವ ಅಕ್ಕನ ಸಂಬಳ ಅಷ್ಟೇ ಇರುತ್ತೆ, ಗ್ಯಾಸ್ ಅಷ್ಟೇ ಖರ್ಚಾಗುತ್ತೆ, ಆ ಮಗು ಇರುವುದರಿಂದ ಜಾಗ ಇಲ್ಲ ಅಂತ ಹಿಂದಿನ ತಿಂಗಳು ಬೇರೆ ಯಾರನ್ನೋ ವಾಪಸ್ ಕಳಿಸಿರುತ್ತೇವೆ, ಅದು ಇನ್ನೂ ಉರಿಸುತ್ತೆ.

ಮೊದಲ ವರ್ಷ ಹದಿನಾಲ್ಕು ತಿಂಗಳ ಒಂದು ಹುಡುಗಿ ಬರುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಬಂದ ಕೂಡಲೇ ಅವಳಿಗೆ ರಾಗಿ ಸರಿ. ಒಂದು ದಿನ ಸರಿ ಮಾಡಿಟ್ಟೆ, ಒಂಬತ್ತೂವರೆ ಆಯ್ತು, ಹತ್ತಾಯ್ತು, ಬಟ್ಟಲಲ್ಲಿ ಸರಿ ಗಟ್ಟಿಯಾಗಿ ಮೇಲೆ ಕೆನೆ ಕಟ್ಟಿತು, ಅವಳು ಬರಲಿಲ್ಲ. ಹನ್ನೊಂದಕ್ಕೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ನಾಲ್ಕು ದಿನ ಹೀಗೇ. ಐದನೇ ದಿನ ಸಿಟ್ಟು ತಡೆಯದೆ, ವಿದ್ಯಾವಂತರು ಹೀಗೆ ಮಾಡ್ತಾರಾ ಅಂತೆಲ್ಲ ಉದ್ದಕ್ಕೆ ಬರೆದು ಕಳಿಸಿದೆ. ನಂಬರ್ ಬ್ಲಾಕ್ ಆಯ್ತು. ದುಡ್ಡೂ ಹೋಯ್ತು.

ಎರಡು ತಿಂಗಳಾದ ಮೇಲೆ ತರಕಾರಿ ಅಂಗಡಿಯಲ್ಲಿ ಆ ಮಗುವಿನ ಅಜ್ಜಿ ಸಿಕ್ಕರು. ಪಾಪ, ಅವರಿಗೆ ಮುಚ್ಚಿಡೋಕೆ ಬರಲಿಲ್ಲ. "ಸ್ನಾನ ಮಾಡಿಸುವಾಗ ತೋಳಿನ ಮೇಲೆ ಹಲ್ಲಿನ ಗುರುತು ಕಂಡಿತಮ್ಮ. ನೀವು ಒಂದು ಮಾತೂ ಹೇಳಿರಲಿಲ್ಲವಲ್ಲ" ಅಂದರು. ನಿಜ, ಹೇಳಿರಲಿಲ್ಲ. ಇನ್ನೊಂದು ಮಗು ಆಟದ ಸಾಮಾನಿಗೆ ಕಿತ್ತಾಡಿ ಕಚ್ಚಿತ್ತು. ಐಸ್ ಇಟ್ಟೆ, ಸಂಜೆಗೆ ಗುರುತು ಅಷ್ಟಾಗಿ ಕಾಣುತ್ತಿರಲಿಲ್ಲ, ಸುಮ್ನೆ ಯಾಕೆ ಗಾಬರಿ ಮಾಡೋದು ಅಂತ ಬಿಟ್ಟಿದ್ದೆ. ಮಾತು ಇನ್ನೂ ಬಾರದ ವಯಸ್ಸಲ್ಲಿ ಮಕ್ಕಳು ಕಚ್ಚೋದು ಮಾಮೂಲಿ ಅಂತ ನನಗೆ ಗೊತ್ತು, ಅಜ್ಜಿಗೆ ಹೇಗೆ ಗೊತ್ತಾಗಬೇಕು? ಅವತ್ತಿಂದ ಕಚ್ಚಿದ್ದು, ಬಿದ್ದಿದ್ದು, ಪರಚಿದ್ದು ಎಲ್ಲವನ್ನೂ ಫೋಟೋ ಸಮೇತ ತಕ್ಷಣ ಕಳಿಸುತ್ತೇನೆ. ಯಾವ ಮಗು ಕಚ್ಚಿತು ಅಂತ ಮಾತ್ರ ಹೇಳಲ್ಲ, ಎಷ್ಟೇ ಕೇಳಿದರೂ.

ಹಾಗಂತ ತಪ್ಪೆಲ್ಲ ನಮ್ಮದೇ ಅಂತಲ್ಲ. ಜಾಸ್ತಿ ಜನ ಮುಜುಗರಕ್ಕೆ ಹೇಳದೆ ಹೋಗುತ್ತಾರೆ. ಊರಿಂದ ಅತ್ತೆ ಬಂದಿರುತ್ತಾರೆ, "ನಾನಿರುವಾಗ ಡೇಕೇರ್ ಯಾಕೆ" ಅಂದಿರುತ್ತಾರೆ. ಕೆಲಸ ಹೋಗಿರುತ್ತೆ, ಅದನ್ನು ಹೇಳಿಕೊಳ್ಳೋಕೆ ನಾಚಿಕೆ. ಇಲ್ಲಾ ಆಫೀಸಿನಲ್ಲೇ ಮಕ್ಕಳ ಕೋಣೆ ಶುರುವಾಗಿರುತ್ತೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಅದರ ಜೊತೆ ನಾವು ಸ್ಪರ್ಧೆ ಮಾಡೋಕೆ ಆಗಲ್ಲ, ಬಿಡಿ. ಏಪ್ರಿಲ್, ಮೇ ಬಂತೆಂದರೆ ಶಾಲೆಯ ಅಡ್ಮಿಷನ್ ಕಾರಣ ಬೇರೆ. ಫೆಬ್ರವರಿಯಲ್ಲೇ ಎಲ್ಲರನ್ನೂ ಕೇಳಿಬಿಡಿ, "ಜೂನ್‌ಗೆ ನಿಮ್ಮ ಪ್ಲಾನ್ ಏನು?" ಅಂತ. ಕೇಳಿದರೆ ಹೇಳುತ್ತಾರೆ.

ಈಗ ದುಡ್ಡಿನ ವಿಷಯ. ಬಾಡಿಗೆ ಮನೆ ಅಂದರೆ ಅಡ್ವಾನ್ಸ್ ಕೊಡಬೇಕು ಅಂತ ಈ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅದೇ ಪದ ಬಳಸಿ. ಡೆಪಾಸಿಟ್, ಸೆಕ್ಯುರಿಟಿ ಅಂತೆಲ್ಲ ಹೇಳಿದರೆ ಚೌಕಾಸಿ ಶುರುವಾಗುತ್ತೆ. ನಾನು ಸೇರಿಸಿಕೊಳ್ಳುವಾಗ ಒಂದು ತಿಂಗಳ ಅಡ್ವಾನ್ಸ್ ತಗೊಳ್ಳುತ್ತೇನೆ, ಪ್ರತಿ ತಿಂಗಳ ಫೀಸು 5ನೇ ತಾರೀಖಿನೊಳಗೆ ಮುಂಗಡವಾಗಿ. ಬಿಡಿಸುವುದಾದರೆ 30 ದಿನ ಮೊದಲು ಒಂದು ಮೆಸೇಜ್, ಆಗ ಅಡ್ವಾನ್ಸ್ ಕೊನೆಯ ತಿಂಗಳಿಗೆ ವಜಾ. ಹೇಳದೆ ಹೋದರೆ ಅಡ್ವಾನ್ಸ್ ವಾಪಸ್ ಇಲ್ಲ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಅಪ್ಪ ಅಮ್ಮ ಇಬ್ಬರ ಕೈಯಲ್ಲೂ ಸಹಿ ಹಾಕಿಸುತ್ತೇನೆ. ಒಬ್ಬರದೇ ಸಹಿ ಇದ್ದರೆ ಇನ್ನೊಬ್ಬರು "ನನಗೆ ಗೊತ್ತೇ ಇರಲಿಲ್ಲ" ಅಂತಾರೆ, ಅನುಭವದ ಮಾತು.

ಸಿಟ್ಟಲ್ಲಿ ಮೂರು ತಿಂಗಳ ಫೀಸು ದಂಡ ಅಂತ ಬರೆದುಕೊಳ್ಳಬೇಡಿ. ನಮ್ಮ ಭಾವ ವಕೀಲರು, ಅವರು ತೋರಿಸಿದ್ದು 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್. ದಂಡ ಎಷ್ಟೇ ಬರೆದುಕೊಂಡಿದ್ದರೂ ಕೋರ್ಟ್ ಕೊಡಿಸುವುದು ಆ ಮಿತಿಯೊಳಗೆ ನ್ಯಾಯವಾದ ಪರಿಹಾರ ಅಷ್ಟೇ. ಜಾಗ ತುಂಬೋಕೆ ಒಂದು ತಿಂಗಳು ಬೇಕು ಅಂತ ಯಾರಿಗಾದರೂ ಹೇಳಿ ಒಪ್ಪಿಸಬಹುದು. ಮೂರು ತಿಂಗಳಿಗೆ ಬಾಯಿ ಬರಲ್ಲ.

ಇನ್ನು ಮಗು ಬರದೇ ಇದ್ದಾಗ ನಾನು ಹೀಗೆ ಮಾಡುತ್ತೇನೆ. ಮೊದಲ ದಿನ ಹತ್ತೂವರೆಗೆ ಫೋನ್, ಮೆಸೇಜ್ ಅಲ್ಲ. ದುಡ್ಡಿಗಲ್ಲ, ಮಗು ಹುಷಾರಾಗಿದೆಯಾ ಅಂತ ಕೇಳೋಕೆ. ಕೈ ಕಾಲು ಬಾಯಲ್ಲಿ ಗುಳ್ಳೆ ಬರುವ ಆ ರೋಗ ಬಂದಿದ್ದರೆ ಉಳಿದ ಮಕ್ಕಳ ಮನೆಗೂ ತಿಳಿಸಬೇಕಲ್ಲ. ಮೂರನೇ ದಿನ ಮೆಸೇಜ್. ಏಳನೇ ದಿನ ಕೊನೆಯದು: "ನಮಸ್ತೆ. ಒಂದು ವಾರದಿಂದ ಪುಟ್ಟ ಬಂದಿಲ್ಲ, ಚೆನ್ನಾಗಿದ್ದಾನೆ ಅಂದುಕೊಂಡಿದ್ದೇನೆ. ಶುಕ್ರವಾರದೊಳಗೆ ತಿಳಿಸದಿದ್ದರೆ ಜಾಗವನ್ನು ಬೇರೆಯವರಿಗೆ ಕೊಡುತ್ತೇನೆ. ಅವನ ಸಾಮಾನು ಚೀಲದಲ್ಲಿ ಹಾಕಿಟ್ಟಿದ್ದೇನೆ, ಯಾವಾಗ ಬೇಕಾದರೂ ತಗೊಂಡು ಹೋಗಿ." ಅಷ್ಟೇ. ಶನಿವಾರ ನಿಜವಾಗಿಯೂ ಜಾಗ ಕೊಟ್ಟುಬಿಡಿ.

ನಿಮ್ಮ ಆ ಎರಡು ಮನೆಗೂ ಇದನ್ನೇ ಕಳಿಸಿ, ಬಾಕಿ ಇರುವವರಿಗೆ ಮೊತ್ತವನ್ನೂ ಒಂದು ಸಾಲಲ್ಲಿ ಸೇರಿಸಿ. ಬಂದರೆ ಬಂತು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಅವರ ಹೆಸರು ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅದನ್ನು ಓದುವವರು ಅವರಿಗಿಂತ ಜಾಸ್ತಿ ನಿಮಗೇ ಹೆದರುತ್ತಾರೆ.

ಸಾಮಾನಿನ ಚೀಲ ಅಂದೆನಲ್ಲ, ನಮ್ಮ ಅಟ್ಟದ ಮೇಲೆ ಯಾವಾಗಲೂ ಒಂದೆರಡು ಇರುತ್ತವೆ. ಹೋದ ವರ್ಷ, ಎರಡು ವರ್ಷದ ಹಿಂದೆ ಹೇಳದೆ ಹೋದ ತಾಯಿಯೊಬ್ಬಳು ಎರಡನೇ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. 26 ವಾರದ ಹೆರಿಗೆ ರಜೆ ಮುಗಿಯುವುದರಲ್ಲಿತ್ತು. ಚೀಲ ಇಳಿಸಿ ಕೊಟ್ಟೆ. ದೊಡ್ಡವನ ಸ್ಟೀಲ್ ಲೋಟ, ಒಂದು ಸ್ವೆಟರ್, ಒಂದೇ ಒಂದು ಚಪ್ಪಲಿ. ಚಪ್ಪಲಿ ಹಿಡಿದುಕೊಂಡು "ಸಾರಿ ಆಂಟಿ" ಅಂದಳು. ಕೂಸನ್ನು ಸೇರಿಸಿಕೊಂಡೆ, ಅಡ್ವಾನ್ಸ್ ಎಣಿಸಿಕೊಂಡ ಮೇಲೆ.