ನಿಂತು ಕೆಲಸ ಮಾಡುವ ಡೆಸ್ಕ್ ಕೊಂಡರೆ ಸೊಂಟನೋವು, ತೂಕ ಎರಡೂ ಇಳಿಯುತ್ತವೆಯೇ?

ದಿನಕ್ಕೆ ಎಂಟು ಗಂಟೆ ಕೂತು ಸೊಂಟ ಹಿಡಿದುಕೊಳ್ಳುತ್ತಿದೆ, ಸ್ಟ್ಯಾಂಡಿಂಗ್ ಡೆಸ್ಕ್ ತಗೊಳ್ಳಲೇ ಎಂದು ಕೇಳಿದ್ದೀರಿ. ಸೊಂಟಕ್ಕಾದರೆ ತಗೊಳ್ಳಿ, ಬಹಳ ಜನರಿಗೆ ನೋವು ಹಗುರಾಗುತ್ತದೆ. ತೂಕದ ಆಸೆ ಮಾತ್ರ ಬಿಟ್ಟುಬಿಡಿ. 65 ಕೆ.ಜಿ. ತೂಕದವರು ಆರು ಗಂಟೆ ಕೂರುವ ಬದಲು ನಿಂತರೂ ಹೆಚ್ಚಿಗೆ ಖರ್ಚಾಗುವುದು 54 ಕ್ಯಾಲೊರಿಯಷ್ಟೇ. ಅದು ಒಂದು ಇಡ್ಲಿಗೆ ಸರಿಹೋಯಿತು.

ಭಂಗಿ ಆಗಾಗ ಬದಲಾಗಬೇಕು, ಕಾಲು ಆಡಬೇಕು. ಇದೇ ಮುಖ್ಯ. ಒಂದೇ ಕಡೆ ಕೂತರೆ ತೊಡೆ, ಮೀನಖಂಡದ ಸ್ನಾಯುಗಳಿಗೆ ಕೆಲಸವಿಲ್ಲ, ರಕ್ತದ ಸಕ್ಕರೆಯನ್ನು ಅವು ಹೆಚ್ಚು ಬಳಸಿಕೊಳ್ಳುವುದಿಲ್ಲ. 1953ರಲ್ಲಿ ಬ್ರಿಟಿಷ್ ವೈದ್ಯ ಜೆರ್ರಿ ಮಾರಿಸ್ ಲಂಡನ್ನಿನ ಬಸ್ ನೌಕರರನ್ನು ಹೋಲಿಸಿ ನೋಡಿದಾಗ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರ್‌ಗಳು ಸುಮ್ಮನೆ ನಿಂತಿರಲಿಲ್ಲ, ಡಬಲ್ ಡೆಕ್ಕರ್‌ನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಆಲನ್ ಹೆಜ್ ಹೇಳಿದ ಲೆಕ್ಕ ನನಗೆ ಹಿಡಿಸುತ್ತದೆ: ಅರ್ಧ ಗಂಟೆಯಲ್ಲಿ 20 ನಿಮಿಷ ಕೂರಿ, 8 ನಿಮಿಷ ನಿಲ್ಲಿ, 2 ನಿಮಿಷ ಓಡಾಡಿ. ಮಧ್ಯಾಹ್ನದ ಊಟವಾದ ಮೇಲಂತೂ ಆ ಓಡಾಟ ತಪ್ಪಿಸಬೇಡಿ.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು, ಭುಜ ಸಡಿಲ ಬಿಟ್ಟು ಮೊಣಕೈ 90 ಡಿಗ್ರಿ ಮಡಚಿ. ನೆಲದಿಂದ ಮೊಣಕೈವರೆಗಿನ ಅಳತೆಯೇ ಕೀಬೋರ್ಡಿನ ಎತ್ತರ. 5 ಅಡಿ 5 ಇಂಚಿನವರಿಗೆ ಅದು 103 ಸೆಂ.ಮೀ. ಆಸುಪಾಸು ಬರುತ್ತದೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ ಇರಲಿ. ಲ್ಯಾಪ್‌ಟಾಪನ್ನೇ ಎತ್ತರಿಸಿದರೆ ಪರದೆ ಸರಿಹೋಗುತ್ತದೆ, ಆದರೆ ಭುಜ ಮೇಲೇರಿ ಮಣಿಕಟ್ಟು ನೋಯುತ್ತದೆ. ಬೇರೆ ಕೀಬೋರ್ಡ್, ಮೌಸ್ ಬೇಕೇ ಬೇಕು.

ಮೊದಲ ವಾರ ಒಂದು ಸಲಕ್ಕೆ ಆ 8 ನಿಮಿಷ ದಾಟಬೇಡಿ. ಉತ್ಸಾಹದಲ್ಲಿ ಮೊದಲ ದಿನವೇ ಮೂರು ಗಂಟೆ ನಿಂತವರಿಗೆ ಹಿಮ್ಮಡಿ ನೋವು ಬರುತ್ತದೆ, ಅಲ್ಲಿಗೆ ಡೆಸ್ಕ್ ಮೂಲೆ ಸೇರುತ್ತದೆ. ಮಂಡಿ ಬಿಗಿಹಿಡಿಯಬೇಡಿ, ಒಂದೇ ಕಾಲಿನ ಮೇಲೆ ಭಾರ ಹಾಕಬೇಡಿ. 10–15 ಸೆಂ.ಮೀ. ಎತ್ತರದ ಮಣೆ ಇಟ್ಟು ಎಡಗಾಲು, ಬಲಗಾಲು ಬದಲಾಯಿಸುತ್ತಿದ್ದರೆ ಸೊಂಟಕ್ಕೆ ತುಂಬ ಹಿತ. ಟೈಲ್ಸ್ ನೆಲವಾದರೆ ದಪ್ಪ ರಬ್ಬರ್ ಮ್ಯಾಟ್ ಹಾಸಿ.

ಇಡೀ ದಿನ ನಿಲ್ಲುವುದೂ ಕೆಟ್ಟದ್ದೇ. ಕಾಲು ಊದುತ್ತದೆ, ರಕ್ತನಾಳ ಉಬ್ಬುತ್ತದೆ. ಅಂಗಡಿಯಲ್ಲಿ ನಿಂತೇ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಈಗಾಗಲೇ ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಉಬ್ಬಿರುವುದು) ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ದುಡ್ಡು ಹಾಕುವ ಮುಂಚೆ ಎರಡು ವಾರ ಮೇಜಿನ ಮೇಲೆ ಗಟ್ಟಿ ರಟ್ಟಿನ ಪೆಟ್ಟಿಗೆ ಇಟ್ಟು ನೋಡಿ. 75 ಸೆಂ.ಮೀ. ಮೇಜಿಗೆ 28 ಸೆಂ.ಮೀ. ಪೆಟ್ಟಿಗೆ ಮೇಲೆ ಹೇಳಿದ ಎತ್ತರದವರಿಗೆ ಸರಿಹೊಂದುತ್ತದೆ. ಮೋಟಾರ್ ಡೆಸ್ಕ್ ಕೊಳ್ಳುವಾಗ ಎಷ್ಟು ಮೇಲೇರುತ್ತದೆ ಎನ್ನುವುದರ ಜೊತೆಗೆ ಎಷ್ಟು ಕೆಳಗಿಳಿಯುತ್ತದೆ ಎಂದೂ ಕೇಳಿ. ಎರಡು ಹಂತದ ಕಾಲಿನವು (ಒಂದರೊಳಗೊಂದು ಸರಿಯುವ ಎರಡು ಕೊಳವೆ ಇರುವಂಥವು) ಸಾಮಾನ್ಯವಾಗಿ 70 ಸೆಂ.ಮೀ.ಗೆ ನಿಂತುಬಿಡುತ್ತವೆ. ಐದಡಿಯವರಿಗೆ ಕೂತಾಗ ಅದು ಎತ್ತರವೇ, ಅವರು ಮೂರು ಹಂತದ್ದನ್ನು ನೋಡುವುದು ಒಳ್ಳೆಯದು. ಮಾನಿಟರ್ ಕೇಬಲ್ಲುಗಳನ್ನು ಡೆಸ್ಕ್ ಪೂರ್ತಿ ಮೇಲಿದ್ದಾಗಲೇ ಕಟ್ಟಿ, ಇಲ್ಲವಾದರೆ ಏರುವಾಗ ಕಿತ್ತುಬರುತ್ತವೆ.