ಆಸ್ಪತ್ರೆ ಹತ್ತಿರವಿದ್ದರೂ ತಡ ಯಾಕೆ?

ಮಂಗಳೂರಲ್ಲಿ ಇಷ್ಟು ಆಸ್ಪತ್ರೆ ಇದ್ದರೂ ಬೀಡಿ ಕಟ್ಟುವ ಹೆಂಗಸರು ಕಾಯಿಲೆ ಬಲಿತ ಮೇಲೇ ಯಾಕೆ ಬರುತ್ತಾರೆ ಅಂತ ಕೇಳಿದ್ದೀರಿ. ಅಸಡ್ಡೆಯಿಂದ ಅಲ್ಲ ಮಾರಾಯ್ರೆ. ಅವರ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸರಕಾರಿ ಆಸ್ಪತ್ರೆ ವೆನ್ಲಾಕಿನಲ್ಲಿ ಚೀಟಿ ಮಾಡಿಸಿ ಕ್ಯೂ ನಿಂತರೆ ಆ ದಿನದ ದುಡಿಮೆ ಹೋಯ್ತು. ಸರಕಾರಿ ಬಸ್ಸಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಸರಿ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸೇ ಅಲ್ವಾ? ತೊಡೆ ಮೇಲೆ ಮೊರ ಇಟ್ಟು ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿದವರಿಗೆ ಕೆಮ್ಮು ಕಾಯಿಲೆ ಅನ್ನಿಸುವುದೇ ಇಲ್ಲ.

ಚಿಕಿತ್ಸೆ ಉಚಿತ ಮಾಡಿದರಷ್ಟೇ ಸಾಲದು. ಬ್ರಿಟನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ನೋಡಿ. ಎಲ್ಲರಿಗೂ ಉದ್ಯೋಗ, ಉಚಿತ ಚಿಕಿತ್ಸೆ ಇತ್ತು. ಆದರೂ ಕೆಳಗಿನ ಹುದ್ದೆಯವರೇ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತರು.

ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಬರುವ ಹೊತ್ತಿಗೆ ಅಲ್ಲೇ ತಪಾಸಣೆ ಇಟ್ಟರೆ ಎಷ್ಟೋ ಜನ ಬೇಗ ಸಿಗುತ್ತಾರೆ.