ಡೇಟಾಬೇಸ್ ನಿಧಾನವಾದರೆ ಯಾವ ಸರ್ವರ್ ಕೊಳ್ಳಬೇಕು?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮದು ದಲಾಲಿ ಅಂಗಡಿ. ಲಾಟಿನ ತೂಕ, ದರ, ರೈತರ ಪಟ್ಟಿ ಎಲ್ಲವೂ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿವೆ. ಮಾರುಕಟ್ಟೆಯ ದಿನ ಆರು ಕಂಪ್ಯೂಟರ್‌ಗಳಿಂದ ಒಟ್ಟಿಗೆ ನಮೂದಿಸುವಾಗ ಒಂದು ಪಟ್ಟಿ ತೆಗೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಈಗಿನ ಯಂತ್ರಕ್ಕೆ ನಾಲ್ಕು ಕೋರ್, 8 ಜಿಬಿ ರ್‍ಯಾಮ್, ಸಾಮಾನ್ಯ ಹಾರ್ಡ್ ಡಿಸ್ಕ್ ಇವೆ. ಡೇಟಾಬೇಸ್ 20 ಜಿಬಿ ಆಗಿದೆ. ಹುಬ್ಬಳ್ಳಿಯ ಮಾರಾಟಗಾರರೊಬ್ಬರು 32 ಕೋರ್‌ಗಳ ಸರ್ವರ್ ಕೊಳ್ಳಿ ಎನ್ನುತ್ತಾರೆ. ಕೊಳ್ಳಬಹುದೇ?
– ಓದುಗರು, ಬ್ಯಾಡಗಿ

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ವಿವರ ನೋಡಿದರೆ ನನ್ನ ಅನುಮಾನ ಡಿಸ್ಕಿನ ಮೇಲಿದೆ. ಕೆಲಸ ತಡೆದು ನಿಂತ ಹೊತ್ತಿನಲ್ಲಿಯೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರ್ ಬಳಕೆ ಶೇ 20ರ ಆಸುಪಾಸಿನಲ್ಲಿದ್ದು ಡಿಸ್ಕ್ ಶೇ 100 ಮುಟ್ಟಿದ್ದರೆ, 32 ಕೋರ್ ಹಾಕಿದರೂ ಅವೆಲ್ಲ ಅದೇ ಡಿಸ್ಕಿಗಾಗಿ ಕಾಯುತ್ತವೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಒಂದು ಕ್ವೆರಿಯನ್ನು (ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆಯನ್ನು) ಒಂದೇ ಕೋರ್‌ನಲ್ಲಿ ನಡೆಸುವುದರಿಂದ ನಿಮ್ಮ ಅಂಗಡಿಗೆ ವೇಗದ ಎಂಟು ಕೋರ್‌ಗಳು ಧಾರಾಳವಾಗಿ ಸಾಕು.

ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಹೆಡ್ ಸರಿದು ನಿಲ್ಲಲು ಸುಮಾರು ಎಂಟೊಂಬತ್ತು ಮಿಲಿಸೆಕೆಂಡ್ ಹಿಡಿಯುವುದರಿಂದ, ಚದುರಿದ ದಾಖಲೆಗಳನ್ನು ಅದು ಸೆಕೆಂಡಿಗೆ ನೂರರೊಳಗೆ ಮಾತ್ರ ಓದಬಲ್ಲದು. ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಡೇಟಾ ಇಡುವ ವೇಗದ ಡಿಸ್ಕ್) ಅದೇ ಸೆಕೆಂಡಿನಲ್ಲಿ ಹತ್ತಾರು ಸಾವಿರ ಓದುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ದರ್ಜೆಯದನ್ನೇ ಕೇಳಿ ಪಡೆಯಿರಿ. ವಿದ್ಯುತ್ ಹೋದರೂ ನಮೂದು ಕಳೆಯಬಾರದೆಂದು ಮೈಎಸ್‌ಕ್ಯೂಎಲ್ ಪ್ರತಿ ವ್ಯವಹಾರದ ಲಾಗ್ ಡಿಸ್ಕಿಗೆ ತಲುಪುವವರೆಗೆ ಕಾಯುತ್ತದೆ. ಇಂಥ ಎಸ್‌ಎಸ್‌ಡಿಯಲ್ಲಿ ಕೆಪಾಸಿಟರ್‌ಗಳ ಆಸರೆ ಇದ್ದು, ಅವು ವಿದ್ಯುತ್ ಹೋದರೂ ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವುದರಿಂದ ಆ ಕಾಯುವಿಕೆ ಬಹಳ ಕಡಿಮೆಯಾಗುತ್ತದೆ. ಆ ಕಾಯುವಿಕೆಯನ್ನೇ ಸೆಟ್ಟಿಂಗ್‌ನಲ್ಲಿ ತೆಗೆದುಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಅದು ರೈತರ ಹಣದ ಲೆಕ್ಕ. ಎರಡು ಎಸ್‌ಎಸ್‌ಡಿ ಹಾಕಿ ರೇಡ್ 1 ಮಾಡಿಸಿ, ಅಂದರೆ ಎರಡರಲ್ಲೂ ಒಂದೇ ಡೇಟಾ ಇರಲಿ. ಮೂರು ಅಥವಾ ಹೆಚ್ಚು ಡಿಸ್ಕುಗಳಿಗೆ ಡೇಟಾ ಹಂಚುವ ರೇಡ್ 5ರಲ್ಲಿ ಚಿಕ್ಕ ಬರಹಕ್ಕೂ ಎರಡು ಓದು, ಎರಡು ಬರಹ ಆಗುವುದರಿಂದ ಅದು ನಿಮಗೆ ಹೊಂದುವುದಿಲ್ಲ. ಬ್ಯಾಕಪ್ ಬೇರೆ ಕಡೆ ಇರಲೇಬೇಕು.

ರ್‍ಯಾಮ್ 32 ಜಿಬಿ, ಮೆಮೊರಿಯ ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಬಗೆಯದು ಇರಲಿ. ಆದರೆ ರ್‍ಯಾಮ್ ಹಾಕಿದ ಮಾತ್ರಕ್ಕೆ ಮೈಎಸ್‌ಕ್ಯೂಎಲ್ ಅದನ್ನು ಬಳಸುವುದಿಲ್ಲ. ಅದು ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವಾದ ಇನ್ನೋಡಿಬಿ ಬಫರ್ ಪೂಲ್ ಮೂಲತಃ 128 ಎಂಬಿ ಮಾತ್ರ ಇರುತ್ತದೆ ಮತ್ತು ಎಷ್ಟೋ ಕಡೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಹೊಸ ಯಂತ್ರದಲ್ಲಿ ಅದನ್ನು ಸುಮಾರು 22 ಜಿಬಿಗೆ ಏರಿಸಿದರೆ ನಿಮ್ಮ ಡೇಟಾ ಪೂರ್ತಿ ಮೆಮೊರಿಯಲ್ಲಿ ಕೂರುತ್ತದೆ. ಈಗಿನ ಯಂತ್ರ ಡೇಟಾಬೇಸಿಗಷ್ಟೇ ಮೀಸಲಾಗಿದ್ದರೆ ಇವತ್ತೇ ಅದರ ಬಫರ್ ಪೂಲ್ 4 ಜಿಬಿ ಮಾಡಿಸಿ ನೋಡಿ.

ಹಣ ಕೊಡುವ ಮೊದಲು ನಿಮ್ಮ ಸಾಫ್ಟ್‌ವೇರ್ ಬರೆದವರಿಂದ ಸ್ಲೋ ಕ್ವೆರಿ ಲಾಗ್ (ತಡವಾಗುವ ಕ್ವೆರಿಗಳ ದಾಖಲೆ) ಆನ್ ಮಾಡಿಸಿ. ರೈತರ ಖಾತೆ ಸಂಖ್ಯೆಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದು) ಇಲ್ಲದಿದ್ದರೆ ಒಬ್ಬರ ಪಟ್ಟಿಗಾಗಿ ಇಡೀ ಟೇಬಲ್ ಓದಬೇಕಾಗುತ್ತದೆ, ಮತ್ತು ಆ ಕೊರತೆಯನ್ನು ಯಾವ ಸರ್ವರ್ ಕೂಡ ಬಹಳ ದಿನ ಮುಚ್ಚಿಡಲಾರದು. ಇಷ್ಟಾದ ಮೇಲೂ ಯಂತ್ರ ಬೇಕೆನಿಸಿದರೆ, ಜನವರಿಯಲ್ಲಿ ಆವಕ ಏರುವ ಮುಂಚೆ ತರಿಸಿ, ಮಾರುಕಟ್ಟೆಯಿಲ್ಲದ ದಿನ ಡೇಟಾಬೇಸಿನ ನಕಲು ಹಾಕಿ, ಆರೂ ಜನರನ್ನು ಕೂಡಿಸಿ ನಮೂದು ಮಾಡಿಸಿ ನೋಡಿ.